ವಾಯು ಆಂಬುಲೆನ್ಸ್ (ಕೊಪ್ಪಳ ಪ್ರದೇಶ)

ತೀವ್ರ ಅಸ್ವಸ್ಥರನ್ನು ತುರ್ತು ನಿಗಾ ಘಟಕದ ಸೌಲಭ್ಯವುಳ್ಳ ವಿಮಾನ ಅಥವಾ ಹೆಲಿಕಾಪ್ಟರ್‌ನಲ್ಲಿ ಉನ್ನತ ಚಿಕಿತ್ಸಾ ಕೇಂದ್ರಕ್ಕೆ ಸಾಗಿಸುವ ಸೇವೆ. ಕರ್ನಾಟಕದಲ್ಲಿ ರಸ್ತೆ ಆಂಬುಲೆನ್ಸ್‌ನ 108 ಆರೋಗ್ಯ ಕವಚ ಯೋಜನೆ 2008ರಲ್ಲಿ ಆರಂಭವಾಯಿತು. 2020ರಲ್ಲಿ ಬೆಂಗಳೂರಿನ ಜಕ್ಕೂರು ವಾಯುನೆಲೆಯಿಂದ ಖಾಸಗಿ ವಾಯು ಆಂಬುಲೆನ್ಸ್ ಸೇವೆಯೊಂದು ಶುರುವಾಯಿತು.

ನೆಲೆ: ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಿತು. ಜಿಲ್ಲೆಯ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹಲವು ತಾಸಿನ ಹಾದಿ. ಹತ್ತಿರದ ವಿಮಾನ ನಿಲ್ದಾಣಗಳು ಹುಬ್ಬಳ್ಳಿ ಹಾಗೂ ತೋರಣಗಲ್ಲು ಬಳಿಯ ಜಿಂದಾಲ್ ವಿಜಯನಗರ. ಕೊಪ್ಪಳದ ಬಳಿ ಬಸಾಪುರದಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ.

ಕಾರ್ಯವಿಧಾನ: ಚಿಕಿತ್ಸೆ ನೀಡುತ್ತಿರುವ ವೈದ್ಯರು ರೋಗಿಯ ವರದಿ ಕಳಿಸುತ್ತಾರೆ, ಸ್ವೀಕರಿಸುವ ಆಸ್ಪತ್ರೆ ಹಾಸಿಗೆ ಕಾಯ್ದಿರಿಸುತ್ತದೆ. ವೈದ್ಯ ಮತ್ತು ಶುಶ್ರೂಷಕರ ತಂಡ ರೋಗಿಯ ರಕ್ತದೊತ್ತಡ, ಉಸಿರಾಟಗಳನ್ನು ಮೊದಲು ಸ್ಥಿರಗೊಳಿಸುತ್ತದೆ. ವಿಮಾನದಲ್ಲಿ ವೆಂಟಿಲೇಟರ್, ಮಾನಿಟರ್, ಡಿಫಿಬ್ರಿಲೇಟರ್, ಔಷಧ ಪಂಪು, ಆಮ್ಲಜನಕ ಇರುತ್ತವೆ. ಹಾರಾಟದ ಎರಡೂ ತುದಿಗಳಲ್ಲಿ ರಸ್ತೆ ಆಂಬುಲೆನ್ಸ್ ಬೇಕೇ ಬೇಕು.

ಮಿತಿಗಳು: ಎತ್ತರದಲ್ಲಿ ಗಾಳಿಯ ಒತ್ತಡ ಇಳಿದು ದೇಹದೊಳಗೆ ಸಿಲುಕಿದ ಅನಿಲ ಹಿಗ್ಗುತ್ತದೆ, ರಕ್ತದ ಆಮ್ಲಜನಕ ಕುಗ್ಗುತ್ತದೆ. ಹಾಗಾಗಿ ಎದೆಗೂಡಿನಲ್ಲಿ ಗಾಳಿ ತುಂಬಿದವರಿಗೆ ಹಾರಾಟಕ್ಕೆ ಮುನ್ನ ಕೊಳವೆ ಹಾಕಿ ಅದನ್ನು ಹೊರತೆಗೆಯಬೇಕು. ಮೋಡ, ಮಳೆ, ಕತ್ತಲೆ ಹೆಲಿಕಾಪ್ಟರ್‌ಗೆ ಅಡ್ಡಿ, ವೆಚ್ಚವೂ ದುಬಾರಿ. ಕಡಿಮೆ ದೂರಕ್ಕೆ, ಉದಾಹರಣೆಗೆ ಕೊಪ್ಪಳದಿಂದ ಹುಬ್ಬಳ್ಳಿಗೆ, ಸುಸಜ್ಜಿತ ರಸ್ತೆ ಆಂಬುಲೆನ್ಸ್ ಹಲವು ವೇಳೆ ಬೇಗ ತಲುಪುತ್ತದೆ.