ಜರ್ಮನಿಯಲ್ಲಿ ಸ್ವಂತ ಸರ್ವರ್, ಮುಕ್ತ ತಂತ್ರಾಂಶ ಮತ್ತು ಹಳೆಯ ಯಂತ್ರಗಳ ಮರುಬಳಕೆ

ತಮ್ಮ ಪತ್ರ, ಕಡತ, ಚಿತ್ರಗಳನ್ನು ದೂರದ ಕಂಪನಿಯ ಗಣಕಗಳಿಗೆ ಒಪ್ಪಿಸದೆ ಮನೆಯಲ್ಲೋ ಸಂಘದ ಕೋಣೆಯಲ್ಲೋ ಸರ್ಕಾರಿ ಕಚೇರಿಯಲ್ಲೋ ಸ್ವಂತ ಸರ್ವರ್ ನಡೆಸುವುದು. ಅದಕ್ಕೆ ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶವನ್ನು ಬಳಸುವುದು. ಗುಜರಿಗೆ ಹೋಗಬೇಕಿದ್ದ ಯಂತ್ರವನ್ನು ಮತ್ತೆ ದುಡಿಸುವುದು. ಜರ್ಮನಿಯಲ್ಲಿ ಈ ಮೂರು ರೂಢಿಗಳು 1980ರ ದಶಕದಿಂದ ಒಂದರ ಜೊತೆಗೊಂದು ಬೆಳೆದಿವೆ. ಈ ಕುರಿತ ಬರಹಗಳಲ್ಲಿ ಮಾತ್ರ ಮ್ಯೂನಿಕ್ ನಗರಾಡಳಿತ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ಗೆ ಬದಲಾದ ಯೋಜನೆಯೊಂದೇ ದೊಡ್ಡದಾಗಿ ಕಾಣುತ್ತದೆ, ಅದೂ ಗೆಲುವೋ ಸೋಲೋ ಎಂಬ ಜಗಳವಾಗಿ. ಮನೆಗಳಲ್ಲಿ ನಡೆದದ್ದಕ್ಕೂ ನ್ಯಾಯಾಲಯಗಳಲ್ಲಿ ತೀರ್ಮಾನವಾದದ್ದಕ್ಕೂ ಸಿಕ್ಕ ಜಾಗ ಕಡಿಮೆ. ಘಟನೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಮುಖ್ಯ ತಿರುವುಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಬಂದಿರುವುದು ತಿಳಿಯುತ್ತದೆ: ತಂತಿಯ ಕೊನೆಯಲ್ಲಿ, ಬಳಕೆದಾರನ ಮನೆಯೊಳಗೆ ಕುಳಿತ ಪೆಟ್ಟಿಗೆಯ ಮೇಲೆ ಅಧಿಕಾರ ಯಾರದು?

ಮೇಲ್‌ಬಾಕ್ಸ್‌ಗಳ ಕಾಲ

ಪಶ್ಚಿಮ ಜರ್ಮನಿಯ ಅಂಚೆ ಇಲಾಖೆಯಾದ ಬುಂಡೆಸ್‌ಪೋಸ್ಟ್ ದೂರವಾಣಿ ಜಾಲವನ್ನಷ್ಟೇ ಅಲ್ಲ, ಅದಕ್ಕೆ ತಗುಲಿಸುವ ಉಪಕರಣಗಳನ್ನೂ ತನ್ನ ಹತೋಟಿಯಲ್ಲಿ ಇಟ್ಟುಕೊಂಡಿತ್ತು. ಇಲಾಖೆ ಒಪ್ಪದ ಮೋಡೆಮ್ ಅನ್ನು ತನ್ನದೇ ಮನೆಯ ಗೋಡೆಗೆ ಜೋಡಿಸಿದರೂ ಅದು ಶಿಕ್ಷೆಗೆ ಗುರಿಯಾಗುವ ಅಪರಾಧ. 1981ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬರ್ಲಿನ್ನಿನ 'ಟಾಟ್ಸ್' ಪತ್ರಿಕೆಯ ಕಚೇರಿಯಲ್ಲಿ ಹುಟ್ಟಿದ ಕೇಯಾಸ್ ಕಂಪ್ಯೂಟರ್ ಕ್ಲಬ್ ಇದಕ್ಕೆ ಕೊಟ್ಟ ಉತ್ತರ ಸ್ವತಃ ಕಟ್ಟಿಕೊಳ್ಳುವ ಮೋಡೆಮ್‌ನ ನಕ್ಷೆ. ದೂರವಾಣಿಯ ಕಿವಿ ಮತ್ತು ಬಾಯಿಯ ತುದಿಗಳನ್ನು ಹಿಡಿದಿಡಲು ಶೌಚಾಲಯದ ಕೊಳವೆಗೆ ಹಾಕುವ ರಬ್ಬರ್ ಬಳೆಗಳನ್ನು ಅದರಲ್ಲಿ ಬಳಸಲಾಗಿತ್ತು. ಪೂರ್ವ ಜರ್ಮನಿಯಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ಯಂತ್ರಗಳೇ ಸಿಗುತ್ತಿರಲಿಲ್ಲ. 1985ರ ಕೊನೆಯಲ್ಲಿ ರೊಬೊಟ್ರಾನ್ ಸಂಸ್ಥೆಯ ರೀಸಾ ಕಾರ್ಖಾನೆ ಹೊರತಂದ ಜೆಡ್ 1013 ಕೂಡ ಬಿಡಿಭಾಗಗಳಾಗಿ ಕೈಗೆ ಬರುತ್ತಿದ್ದ ಗಣಕ.

ಇಂಟರ್‌ನೆಟ್ಟಿಗೆ ಮುಂಚಿನ ಈ ದಿನಗಳಲ್ಲಿ ಮನೆಯ ಗಣಕವೊಂದನ್ನು ಹಗಲಿರುಳು ಚಾಲೂ ಇಟ್ಟು, ದೂರವಾಣಿ ಕರೆಯ ಮೂಲಕ ಬರುವ ಸಂದೇಶಗಳನ್ನು ಪಡೆದು ಹಂಚುವ ಏರ್ಪಾಟಿಗೆ ಮೇಲ್‌ಬಾಕ್ಸ್ ಎಂಬ ಹೆಸರಿತ್ತು. ಸ್ವಂತ ಸರ್ವರ್‌ನ ಇತಿಹಾಸ ಶುರುವಾಗುವುದು ಇಲ್ಲಿಂದ, ಬಹುತೇಕ ಬರಹಗಳು ಹೇಳುವಂತೆ ಲಿನಕ್ಸ್‌ನಿಂದಲ್ಲ. ಬೀಲೆಫೆಲ್ಡ್ ನಗರದಲ್ಲಿ 1987ರಲ್ಲಿ ರೆನಾ ಟಾಂಗೆನ್ಸ್ ಮತ್ತು ಪಾಡೆಲುನ್ ಮೊದಲಾದವರು ಸ್ಥಾಪಿಸಿದ ಫೊಬುಡ್ ಸಂಘ (2012ರಿಂದ ಡಿಜಿಟಲ್‌ಕರಾಜ್) 'ಬಿಯೊನಿಕ್' ಎಂಬ ಮೇಲ್‌ಬಾಕ್ಸ್ ನಡೆಸಿತು. ಯುಗೋಸ್ಲಾವಿಯಾದ ಯುದ್ಧದಲ್ಲಿ ಸೆರ್ಬಿಯಾ ಮತ್ತು ಕ್ರೊಯೇಶಿಯಾ ನಡುವಿನ ದೂರವಾಣಿ ಸಂಪರ್ಕ ಕಡಿದುಹೋದಾಗ, ಎರಿಕ್ ಬಾಕ್‌ಮನ್ ಎಂಬ ಅಮೆರಿಕನ್ ಶಾಂತಿ ಕಾರ್ಯಕರ್ತರ ನೆರವಿನಿಂದ 'ಜಾಮಿರ್' ಎಂಬ ಜಾಲ ಎದ್ದು ನಿಂತಿತು. ಬೆಲ್‌ಗ್ರೇಡ್‌ನಿಂದ ಜಾಗ್ರೆಬ್‌ಗೆ ನೇರ ಕರೆ ಸಾಧ್ಯವಿರಲಿಲ್ಲ; ಎರಡೂ ಕಡೆಯಿಂದ ಜರ್ಮನಿಗೆ ಕರೆ ಹೋಗುತ್ತಿತ್ತು. ಹಾಗಾಗಿ ಬೇರೆಯಾದ ಕುಟುಂಬಗಳ, ಯುದ್ಧವಿರೋಧಿ ಗುಂಪುಗಳ ಪತ್ರಗಳು ಬೀಲೆಫೆಲ್ಡ್‌ನ ಆ ಯಂತ್ರವನ್ನು ಹಾದು ಎದುರುದಡ ಸೇರುತ್ತಿದ್ದವು. ಮುಂದೆ ಸರಾಯೆವೊ ಕೂಡ ಈ ಜಾಲಕ್ಕೆ ಸೇರಿತು. ಒಂದು ಸಣ್ಣ ಸಂಘದ ಸರ್ವರ್ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ಈ ಇತಿಹಾಸದಲ್ಲಿ ಇದಕ್ಕಿಂತ ಬಲವಾದ ನಿದರ್ಶನವಿಲ್ಲ.

ಉಪಕರಣಗಳ ಮೇಲಿನ ಬುಂಡೆಸ್‌ಪೋಸ್ಟ್‌ನ ಏಕಸ್ವಾಮ್ಯ 1990ರ ಜುಲೈ 1ರಂದು ಪೂರ್ತಿ ಕೊನೆಗೊಂಡಿತು.

ಫ್ಲಾಪಿಯಿಂದ ನಡೆದ ರೂಟರ್

1990ರ ದಶಕದ ಮೈಲುಗಲ್ಲುಗಳು ಎಲ್ಲ ಕಡೆಯೂ ದಾಖಲಾಗಿವೆ. 1992ರಲ್ಲಿ, ಲಿನಕ್ಸ್ ಹಂಚಿಕೆಯಿಂದ ಹೆಸರಾದ ಸೂಸೆ ಕಂಪನಿ ಶುರುವಾಯಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಕ್ 1996ರ ಅಕ್ಟೋಬರ್ 14ರಂದು, ಲಿನಕ್ಸ್‌ನಂಥ ವ್ಯವಸ್ಥೆಗಳಿಗೆ ಚಿತ್ರಾತ್ಮಕ ಮೇಜುಪರದೆ ಕಟ್ಟುವ ಕೆಡಿಇ ಯೋಜನೆಗೆ ಕರೆಕೊಟ್ಟರು. ಮಾರ್ಕೊ ಬೋರಿಸ್ ಲ್ಯೂನೆಬುರ್ಗ್‌ನಲ್ಲಿ ಸ್ಥಾಪಿಸಿದ್ದ ಸ್ಟಾರ್ ಡಿವಿಷನ್ ಕಂಪನಿಯ ಕಚೇರಿ ತಂತ್ರಾಂಶ ಸ್ಟಾರ್‌ಆಫೀಸ್ 1999ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಪಾಲಾಗಿ, ಮರುವರ್ಷ ಓಪನ್‌ಆಫೀಸ್ ಎಂದು ಮುಕ್ತವಾಯಿತು. 2010ರಲ್ಲಿ ಅದರಿಂದ ಕವಲೊಡೆದ ಲಿಬ್ರೆಆಫೀಸ್‌ನ ಡಾಕ್ಯುಮೆಂಟ್ ಫೌಂಡೇಶನ್ ಬರ್ಲಿನ್ನಿನಲ್ಲಿ ನೋಂದಾಯಿತವಾಗಿದೆ.

ಹೆಚ್ಚು ಗಮನಕ್ಕೆ ಬಾರದ್ದು 2000ದಲ್ಲಿ ಬಂದ ಎಫ್‌ಎಲ್‌ಐ4ಎಲ್. ಆಗ ಜರ್ಮನಿಯ ಅನೇಕ ಮನೆಗಳಲ್ಲಿ ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಸಂಪರ್ಕವಿತ್ತು, ಮೂಲೆಯಲ್ಲಿ ಕೆಲಸಕ್ಕೆ ಬಾರದ 486 ಗಣಕವೂ ಇರುತ್ತಿತ್ತು. ಈ ತಂತ್ರಾಂಶ 1.44 ಮೆಗಾಬೈಟಿನ ಒಂದೇ ಫ್ಲಾಪಿಯಲ್ಲಿ ಅಡಕವಾಗಿ ಆ ಹಳೆಯ ಗಣಕವನ್ನು ಮನೆಮಂದಿಗೆಲ್ಲ ಇಂಟರ್‌ನೆಟ್ ಹಂಚುವ ರೂಟರ್ ಮಾಡುತ್ತಿತ್ತು. ಹಾರ್ಡ್ ಡಿಸ್ಕ್ ಬೇಕಿಲ್ಲ, ಪರದೆ ಬೇಕಿಲ್ಲ. ನಿಮಿಷದ ಲೆಕ್ಕದಲ್ಲಿ ಶುಲ್ಕ ಬೀಳುತ್ತಿದ್ದ ಕಾಲವಾದ್ದರಿಂದ ಬಳಕೆ ನಿಂತ ಕೂಡಲೇ ಸಂಪರ್ಕ ಕಡಿಯುವ, ದಿನದ ಯಾವ ಹೊತ್ತಿಗೆ ಯಾವ ಕಂಪನಿ ಅಗ್ಗವೋ ಅದಕ್ಕೆ ಕರೆ ಹಾಕುವ ಏರ್ಪಾಟೂ ಅದರಲ್ಲಿತ್ತು. ಅದೇ ವರ್ಷ ಕ್ಲಾಸ್ ಕ್ನೊಪ್ಪರ್ ಹೊರತಂದ ಕ್ನೊಪಿಕ್ಸ್, ಗಣಕದಲ್ಲಿ ಏನನ್ನೂ ಅಳಿಸದೆ ಸಿಡಿಯಿಂದಲೇ ಲಿನಕ್ಸ್ ನಡೆಸಿತು. ಸ್ವಂತ ಸರ್ವರ್ ಇಡುವ ಹವ್ಯಾಸವನ್ನು ಸಾಮಾನ್ಯ ಮನೆಗಳಿಗೆ ತಂದ ಕೀರ್ತಿಯಲ್ಲಿ ದೊಡ್ಡ ಕಂಪನಿಗಳಿಗಿಂತ ಇವೆರಡಕ್ಕೆ ಹೆಚ್ಚು ಪಾಲು ಸಲ್ಲಬೇಕು.

ನ್ಯಾಯಾಲಯಗಳಲ್ಲಿ

ಲಿನಕ್ಸ್‌ನ ಪರವಾನಗಿಯಾದ ಜಿಪಿಎಲ್, ತಂತ್ರಾಂಶವನ್ನು ಹಂಚುವವನು ಮೂಲಸಂಕೇತವನ್ನೂ ಕೊಡಬೇಕೆಂದು ಕಟ್ಟುಹಾಕುತ್ತದೆ. ಇದು ಬರಿ ಸದಾಶಯವೋ ನ್ಯಾಯಾಲಯದಲ್ಲಿ ನಿಲ್ಲುವ ಕರಾರೋ ಎಂಬುದು ಬಹುಕಾಲ ಚರ್ಚೆಯಲ್ಲಿತ್ತು. ಲಿನಕ್ಸ್‌ನ ನೆಟ್‌ಫಿಲ್ಟರ್ ಭಾಗದ ಅಭಿವರ್ಧಕರಲ್ಲಿ ಒಬ್ಬರಾದ ಹರಾಲ್ಡ್ ವೆಲ್ಟೆ, ತಮ್ಮ ಕೆಲಸವನ್ನು ರೂಟರ್‌ನಲ್ಲಿ ಬಳಸಿಯೂ ಷರತ್ತು ಪಾಲಿಸದ ಸೈಟ್‌ಕಾಮ್ ಕಂಪನಿಯ ವಿರುದ್ಧ ಮ್ಯೂನಿಕ್ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. 2004ರ ಏಪ್ರಿಲ್‌ನಲ್ಲಿ ಸಿಕ್ಕ ತಡೆಯಾಜ್ಞೆಯನ್ನು ನ್ಯಾಯಾಲಯ ಮೇ 19ರಂದು ಎತ್ತಿಹಿಡಿಯಿತು. ಜಿಪಿಎಲ್ ಷರತ್ತುಗಳು ಕಾನೂನಿನಲ್ಲಿ ನಿಲ್ಲುತ್ತವೆಂದು ಹೇಳಿದ ಮೊದಲ ತೀರ್ಪುಗಳಲ್ಲಿ ಇದೂ ಒಂದು.

ಬರ್ಲಿನ್ನಿನ ಎವಿಎಂ ಕಂಪನಿಯ ಫ್ರಿಟ್ಜ್‌ಬಾಕ್ಸ್ ಜರ್ಮನಿಯ ಮನೆಮನೆಯ ರೂಟರ್. ಅದರೊಳಗಿನ ತಂತ್ರಾಂಶವನ್ನು ಬದಲಿಸುವ ಮಕ್ಕಳ ರಕ್ಷಣೆಯ ಉತ್ಪನ್ನವೊಂದನ್ನು ಸಿಬಿಟ್ಸ್ ಕಂಪನಿ ಮಾರತೊಡಗಿದಾಗ ಎವಿಎಂ ದಾವೆ ಹೂಡಿತು. 2011ರ ನವೆಂಬರ್ 8ರ ಬರ್ಲಿನ್ ತೀರ್ಪನ್ನು ಎರಡೂ ಕಡೆಯವರು ತಮ್ಮ ಗೆಲುವೆಂದು ಬಣ್ಣಿಸಿದ್ದರಿಂದ ಇಲ್ಲಿ ಗೊಂದಲವಿದೆ. ಬಳಕೆದಾರನಿಗೆ ತಪ್ಪು ಮಾಹಿತಿ ತೋರುವಂತೆ ಮಾಡಿದ ಅಂಶದಲ್ಲಿ ಸಿಬಿಟ್ಸ್‌ಗೆ ಹಿನ್ನಡೆಯಾಯಿತು; ಆದರೆ ಜಿಪಿಎಲ್ ಭಾಗಗಳನ್ನು ಬೇರೆಯವರು ಮುಟ್ಟಲೇಬಾರದೆಂಬ ಎವಿಎಂ ವಾದಕ್ಕೆ ಮನ್ನಣೆ ಸಿಗಲಿಲ್ಲ. ಮಾರಿದ ಮೇಲೂ ಪೆಟ್ಟಿಗೆ ತಯಾರಕನದೇ ಎಂಬ ನಿಲುವಿಗೆ ಬಿದ್ದ ಪೆಟ್ಟು ಅದು.

ಕೊಂಡ ರೂಟರಿನ ತಂತ್ರಾಂಶವನ್ನು ಬದಲಿಸುವ ಹಕ್ಕಿನ ಮೇಲೆ ನಿಂತ ಚಳವಳಿಗಳಲ್ಲಿ ಮುಖ್ಯವಾದದ್ದು 2000ದ ದಶಕದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಫ್ರೈಫುಂಕ್. ಅಗ್ಗದ ರೂಟರ್‌ಗಳಿಗೆ ಹೊಸ ತಂತ್ರಾಂಶ ತುಂಬಿ, ಚಾವಣಿಯಿಂದ ಚಾವಣಿಗೆ ಜಾಲ ಹೆಣೆದು, ನೆರೆಹೊರೆಯವರಿಗೆ ವೈಫೈ ಹಂಚುವುದು ಅದರ ಕೆಲಸ. ಇದಕ್ಕೆ ಅಡ್ಡಬಂದದ್ದೂ ಕಾನೂನೇ. ರಕ್ಷಣೆಯಿಲ್ಲದ ವೈಫೈ ಮೂಲಕ ಬೇರೆಯವರು ಮಾಡಿದ ಹಕ್ಕುಸ್ವಾಮ್ಯ ಉಲ್ಲಂಘನೆಗೆ ಅದರ ಮಾಲೀಕನ ಮೇಲೂ ತಡೆಯಾಜ್ಞೆ ತರಬಹುದೆಂದು ಒಕ್ಕೂಟ ನ್ಯಾಯಾಲಯ 2010ರ ಮೇ 12ರಂದು ಹೇಳಿತು. 2017ರ ತಿದ್ದುಪಡಿಯಿಂದ ಈ ಹೊಣೆ ಬಹುಮಟ್ಟಿಗೆ ತೊಲಗಿತು. ಅದಕ್ಕೂ ಮೊದಲು, 2016ರ ಆಗಸ್ಟ್ 1ರಿಂದ, ಇಂಟರ್‌ನೆಟ್ ಕಂಪನಿ ಕೊಟ್ಟ ರೂಟರನ್ನೇ ಬಳಸಬೇಕೆಂಬ ಕಡ್ಡಾಯ ರದ್ದಾಗಿತ್ತು. 1990ರಲ್ಲಿ ಅಂಚೆ ಇಲಾಖೆಯಿಂದ ಪಡೆದ ಹಕ್ಕನ್ನು ಖಾಸಗಿ ಕಂಪನಿಗಳಿಂದ ಎರಡನೆಯ ಸಲ ಪಡೆಯಬೇಕಾಗಿ ಬಂದದ್ದನ್ನು ಬಿಡಿ ಘಟನೆಯಾಗಿ ನೋಡಬಾರದು.

ಮ್ಯೂನಿಕ್ ಮತ್ತು ಅಂಕಿಗಳ ಜಗಳ

2002ರಲ್ಲಿ ಜರ್ಮನಿಯ ಸಂಸತ್ತು ತನ್ನ ಸರ್ವರ್‌ಗಳಿಗೆ ಲಿನಕ್ಸ್ ಆರಿಸಿಕೊಂಡಿತು. ಶ್ವೇಬಿಷ್ ಹಾಲ್ ಎಂಬ ಸಣ್ಣ ಪಟ್ಟಣ ಕಚೇರಿಯ ಗಣಕಗಳನ್ನೂ ಬದಲಿಸಲು ಹೊರಟಿತು. ಮ್ಯೂನಿಕ್ ನಗರ ಮಂಡಳಿಯ ನಿರ್ಣಯವಾದದ್ದು 2003ರ ಮೇ 28ರಂದು. ಮೈಕ್ರೊಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಖುದ್ದಾಗಿ ಬಂದು ಮೇಯರ್ ಕ್ರಿಶ್ಚಿಯಾನ್ ಉಡೆ ಅವರನ್ನು ಕಂಡರೂ ಮಂಡಳಿ ಮನಸ್ಸು ಬದಲಿಸಲಿಲ್ಲ. ಲಿಮಕ್ಸ್ ಎಂಬ ಹೆಸರಿನ ಈ ಯೋಜನೆ 2013ರಲ್ಲಿ ಮುಗಿಯುವಾಗ 14,000ಕ್ಕೂ ಹೆಚ್ಚು ಗಣಕಗಳು ಲಿನಕ್ಸ್‌ನಲ್ಲಿ ನಡೆಯುತ್ತಿದ್ದವು.

ಖರ್ಚಿನ ಬಗ್ಗೆ ಎರಡು ಲೆಕ್ಕಗಳಿವೆ. 1 ಕೋಟಿ ಯೂರೊಗೂ ಹೆಚ್ಚು ಉಳಿತಾಯವಾಗಿದೆ ಎಂದು ನಗರಾಡಳಿತ 2012ರಲ್ಲಿ ಹೇಳಿತು. ಮೈಕ್ರೊಸಾಫ್ಟ್‌ಗಾಗಿ ಎಚ್‌ಪಿ ಮಾಡಿಕೊಟ್ಟ ಅಧ್ಯಯನ, ಲಿನಕ್ಸ್‌ಗೆ 6 ಕೋಟಿ ಯೂರೊಗೂ ಹೆಚ್ಚು ಹಿಡಿದಿದೆ, ವಿಂಡೋಸ್‌ಗೆ 1.7 ಕೋಟಿ ಸಾಕಿತ್ತು ಎಂದಿತು. ನಗರಾಡಳಿತ ಇದನ್ನು ತಳ್ಳಿಹಾಕಿತು. ಅಧ್ಯಯನಕ್ಕೆ ಹಣ ಕೊಟ್ಟದ್ದು ಎದುರಾಳಿ ಕಂಪನಿ ಎಂಬುದನ್ನು ಬಿಟ್ಟು ಈ ಅಂಕಿಗಳನ್ನು ಉದ್ಧರಿಸುವುದು ಓದುಗರಿಗೆ ಮಾಡುವ ಅನ್ಯಾಯ.

ಹೊಸ ಮೇಯರ್ ಡೀಟರ್ ರೈಟರ್ ಕಾಲದಲ್ಲಿ ಆಡಳಿತದ ದಿಕ್ಕು ಬದಲಾಯಿತು. 2016ರ ಅಕ್ಸೆಂಚರ್ ವರದಿ ತೊಂದರೆಯ ಬೇರನ್ನು ಮುಖ್ಯವಾಗಿ ಕಂಡದ್ದು ಇಲಾಖೆಗಳಲ್ಲಿ ಚದುರಿಹೋದ ಗಣಕ ವ್ಯವಸ್ಥೆಯ ಆಡಳಿತದಲ್ಲಿ. ಆದರೂ ಮಂಡಳಿ 2017ರ ನವೆಂಬರ್‌ನಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿ ಸುಮಾರು 5 ಕೋಟಿ ಯೂರೊ ತೆಗೆದಿರಿಸಿತು. ಲಿನಕ್ಸ್ ಬಳಸುತ್ತಿದ್ದ ಜರ್ಮನಿಯ ವಿದೇಶಾಂಗ ಸಚಿವಾಲಯ ಈ ಮೊದಲೇ ಹಿಂದೆ ಸರಿದಿತ್ತು. ಲೋವರ್ ಸ್ಯಾಕ್ಸನಿ ರಾಜ್ಯ ತನ್ನ ತೆರಿಗೆ ಇಲಾಖೆಯ ಸುಮಾರು 13,000 ಲಿನಕ್ಸ್ ಗಣಕಗಳನ್ನು ಬಿಡಲು 2018ರಲ್ಲಿ ಮುಂದಾಯಿತು. ಇವನ್ನೆಲ್ಲ ತಂತ್ರಾಂಶದ ಸೋಲೆನ್ನಲು ದಾಖಲೆಗಳು ಒಪ್ಪುವುದಿಲ್ಲ. ವರ್ಷಗಟ್ಟಲೆ ನಡೆದು ಹದಿನಾಲ್ಕು ಸಾವಿರ ಮೇಜುಗಳವರೆಗೆ ಬೆಳೆದ ವ್ಯವಸ್ಥೆ ಮಂಡಳಿಯ ಬಹುಮತ ಬದಲಾದಾಗ ಹೋಯಿತು. 2020ರಲ್ಲಿ ಅದೇ ನಗರದ ಹೊಸ ಮೈತ್ರಿಕೂಟ, ಸಾರ್ವಜನಿಕ ಹಣದಿಂದ ಬರೆಸಿದ ತಂತ್ರಾಂಶ ಸಾರ್ವಜನಿಕರಿಗೆ ಮುಕ್ತವಾಗಿರಬೇಕೆಂದು ತನ್ನ ಒಪ್ಪಂದದಲ್ಲಿ ಸೇರಿಸಿತು.

ಲಿಮಕ್ಸ್ ಚರ್ಚೆಯಲ್ಲಿ ಮರೆಯಾದ ಒಂದು ಸಂಗತಿ ಇದೆ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಲ್ಲುವುದಿದ್ದ ಹೊತ್ತಿನಲ್ಲಿ, 2013ರಲ್ಲಿ, ನಗರಾಡಳಿತ ಹಳೆಯ ಯಂತ್ರಗಳಿಗೆ ಒಗ್ಗುವ ಲುಬುಂಟು ಸಿಡಿಗಳನ್ನು ನಗರ ಗ್ರಂಥಾಲಯದ ಮೂಲಕ ನಾಗರಿಕರಿಗೆ ಉಚಿತವಾಗಿ ಹಂಚಿತು.

2016ರ ನಂತರ

ಫ್ರಾಂಕ್ ಕಾರ್ಲಿಚೆಕ್ 2010ರಲ್ಲಿ, ಸ್ವಂತ ಸರ್ವರ್‌ನಲ್ಲಿ ಕಡತಗಳನ್ನು ಇಡುವ ತಂತ್ರಾಂಶ ಓನ್‌ಕ್ಲೌಡ್ ಶುರುಮಾಡಿದರು. 2016ರಲ್ಲಿ ಅದರ ಸುತ್ತ ಬೆಳೆದ ಕಂಪನಿಯನ್ನು ಬಿಟ್ಟು ಜೂನ್‌ನಲ್ಲಿ ನೆಕ್ಸ್ಟ್‌ಕ್ಲೌಡ್ ಕಟ್ಟಿದರು. ಮೂಲಸಂಕೇತ ಮುಕ್ತವಾಗಿದ್ದರಿಂದಲೇ ಅದನ್ನು ಜೊತೆಗೆ ಒಯ್ಯಲು ಸಾಧ್ಯವಾಯಿತು. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಕೂರುವ ಅದೇ ತಂತ್ರಾಂಶವನ್ನು ಒಕ್ಕೂಟ ಸರ್ಕಾರದ ಐಟಿ ಕೇಂದ್ರ 2018ರಲ್ಲಿ ತನ್ನ ಕ್ಲೌಡ್‌ಗೆ ಆರಿಸಿತು. ಗೂಢಲಿಪಿ ತಂತ್ರಾಂಶ ಗ್ನೂಪಿಜಿಯನ್ನು ವೆರ್ನರ್ ಕೋಖ್ ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ, ಹಣದ ಮುಗ್ಗಟ್ಟಿನಲ್ಲಿ ನಡೆಸಿಕೊಂಡು ಬಂದದ್ದು 2015ರಲ್ಲಿ ಜಗತ್ತಿಗೆ ತಿಳಿಯಿತು. ಇಂಥ ತಳಹದಿಯ ಕೆಲಸಕ್ಕೆ ಸರ್ಕಾರದ ಹಣ ಕೊಡುವ ಸಾವರಿನ್ ಟೆಕ್ ಫಂಡ್ ಬಂದದ್ದು 2022ರಲ್ಲಿ.

ಹಳೆಯ ಯಂತ್ರಗಳ ವಿಷಯದಲ್ಲಿ 2020 ಮುಖ್ಯ ವರ್ಷ. ಜರ್ಮನಿಯ ಪರಿಸರ ಮುದ್ರೆ 'ಬ್ಲೂ ಏಂಜೆಲ್' ಆ ವರ್ಷ ತಂತ್ರಾಂಶಕ್ಕೂ ವಿಸ್ತರಿಸಿತು. ಐದು ವರ್ಷ ಹಳೆಯ ಗಣಕದಲ್ಲೂ ನಡೆಯಬೇಕೆಂಬುದು ಅದರ ಷರತ್ತುಗಳಲ್ಲೊಂದು. 2022ರಲ್ಲಿ ಈ ಮುದ್ರೆ ಪಡೆದ ಮೊದಲ ತಂತ್ರಾಂಶ ಕೆಡಿಇಯ ದಾಖಲೆ ವೀಕ್ಷಕ ಒಕುಲರ್. ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಬ್ರೌನ್‌ಷ್ವೈಗ್‌ನಲ್ಲಿ ಶುರುವಾದ 'ಹೇ, ಆಲ್ಟರ್!' ಉಪಕ್ರಮ ಕಚೇರಿಗಳು ಕೈಬಿಟ್ಟ ಲ್ಯಾಪ್‌ಟಾಪ್‌ಗಳಿಗೆ ಉಬುಂಟು ಹಾಕಿ ಮಕ್ಕಳಿಗೆ ಕೊಟ್ಟಿತು, ಮುಂದೆ ಬೇರೆ ನಗರಗಳಿಗೂ ಹಬ್ಬಿತು.

ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲ್‌ನಲ್ಲಿ ಸುಮಾರು 30,000 ಸರ್ಕಾರಿ ಗಣಕಗಳಿಗೆ ಲಿಬ್ರೆಆಫೀಸ್ ನಿಗದಿಮಾಡಿತು. ಮಿಂಚಂಚೆಯ ವರ್ಗಾವಣೆಯ ಹೊತ್ತಿನಲ್ಲಿ ನ್ಯಾಯಾಲಯಗಳಿಂದ ದೂರುಗಳು ಬಂದವು. ಆದರೂ 2025ರ ಅಕ್ಟೋಬರ್ ವೇಳೆಗೆ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳು ಮೈಕ್ರೊಸಾಫ್ಟ್ ಎಕ್ಸ್‌ಚೇಂಜ್‌ನಿಂದ ಓಪನ್-ಎಕ್ಸ್‌ಚೇಂಜ್‌ಗೆ ದಾಟಿದ್ದವು. ಹಳೆಯ ಯಂತ್ರಗಳ ಪ್ರಶ್ನೆಯನ್ನು ಮತ್ತೆ ಎಬ್ಬಿಸುವಂತೆ, ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತದ್ದು ಅದೇ ತಿಂಗಳ 14ರಂದು.