ಎರಡು ಬಾರಿ ಗಿಟಾರ್ ಕಲಿತವರು

ಸಂಗೀತಗಾರರು ಎದುರಾದರೆ 'ತಮ್ಮ ಗುರುಗಳು ಯಾರು?' ಎಂದು ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮಾರ್ಟಿನೊ ಅವರ ಮಟ್ಟಿಗೆ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಹುಡುಗನಾಗಿದ್ದಾಗ ಪಾಠ ಹೇಳಿದವರು ಡೆನ್ನಿಸ್ ಸ್ಯಾಂಡೋಲ್. ನಡುವಯಸ್ಸಿನಲ್ಲಿ ಮತ್ತೆ ಕಲಿಯಬೇಕಾಗಿ ಬಂದಾಗ ಗುರುವಾಗಿ ಒದಗಿದ್ದು ತಮ್ಮವೇ ಹಳೆಯ ರೆಕಾರ್ಡುಗಳು.

ಮಾರ್ಟಿನೊ ಹುಟ್ಟಿದ್ದು 1944ರಲ್ಲಿ, ಫಿಲಡೆಲ್ಫಿಯ ನಗರದ ದಕ್ಷಿಣ ಭಾಗದಲ್ಲಿ, ಇಟಲಿ ಮೂಲದ ಅಜಾರ ಮನೆತನದಲ್ಲಿ. ತಂದೆ ಊರಿನ ಕ್ಲಬ್ಬುಗಳಲ್ಲಿ ಮಾರ್ಟಿನೊ ಎಂಬ ಹೆಸರಿಟ್ಟುಕೊಂಡು ಹಾಡುತ್ತಿದ್ದರು. ಮಗ ಮುಂದೆ ಆ ಹೆಸರನ್ನೇ ಉಳಿಸಿಕೊಂಡ. ಹನ್ನೆರಡನೆಯ ವಯಸ್ಸಿಗೆ ಗಿಟಾರ್ ಕೈಗೆ ಬಂತು. ಸ್ಯಾಂಡೋಲ್ ಬಳಿ ಪಾಠಕ್ಕೆ ಹೋದಾಗ, ಅಲ್ಲಿಗೇ ಬರುತ್ತಿದ್ದ ಹಿರಿಯ ಶಿಷ್ಯರೊಬ್ಬರು ಈ ಬಾಲಕನಿಗೆ ಬಿಸಿ ಚಾಕೊಲೇಟ್ ಕೊಡಿಸಿ ಸಂಗೀತದ ಮಾತನಾಡುತ್ತಿದ್ದರಂತೆ. ಅವರೇ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್.

ಹತ್ತನೆಯ ತರಗತಿಗೇ ಶಾಲೆ ಬಿಟ್ಟ ಹುಡುಗ ನ್ಯೂಯಾರ್ಕ್‌ನ ಹಾರ್ಲೆಮ್ ಸೇರಿ, ಕರಿಯರ ಕ್ಲಬ್ಬುಗಳಲ್ಲಿ ಹ್ಯಾಮಂಡ್ ಆರ್ಗನ್ ವಾದಕರ ಜೊತೆ ರಾತ್ರಿಯಿಡೀ ನುಡಿಸಿ ಪಳಗಿದ. 1967ರಲ್ಲಿ ಮೊದಲ ಸ್ವಂತ ರೆಕಾರ್ಡ್ 'ಎಲ್ ಓಂಬ್ರೆ' ಹೊರಬಂತು. ಮರುವರ್ಷದ 'ಬಾಯಿನಾ'ದಲ್ಲಿ ತಂಬೂರಿ, ತಬಲಾ ಕೂಡ ಇವೆ. ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಹರಿಯುವ ಉದ್ದುದ್ದ ಸ್ವರಸಾಲುಗಳು ಅವರ ಗುರುತಾದವು.

1976ರ ಸುಮಾರಿಗೆ ತೊಂದರೆ ಶುರುವಾಯಿತು. ವಿಪರೀತ ತಲೆನೋವು, ಅಪಸ್ಮಾರ. ವೇದಿಕೆಯ ಮೇಲೆ ನುಡಿಸುತ್ತಿರುವಾಗಲೇ ಕೈ ನಿಂತುಹೋದದ್ದೂ ಉಂಟು. ವೈದ್ಯರು ಇದನ್ನು ಮಾನಸಿಕ ರೋಗವೆಂದು ತಿಳಿದು ವಿದ್ಯುದಾಘಾತದ ಚಿಕಿತ್ಸೆಯನ್ನೂ ಕೊಟ್ಟರು. ಕಛೇರಿಗಳನ್ನು ಬಿಟ್ಟು ಮಾರ್ಟಿನೊ ಹಾಲಿವುಡ್‌ನ ಗಿಟಾರ್ ಶಾಲೆಯೊಂದರಲ್ಲಿ ಮೇಷ್ಟರಾದರು. ನಿಜವಾದ ಕಾರಣ ತಿಳಿದದ್ದು 1980ರಲ್ಲಿ. ಅಪಧಮನಿಯ ರಕ್ತ ಸೂಕ್ಷ್ಮವಾದ ಲೋಮನಾಳಗಳ ಮೂಲಕ ಹಾದು ಅಭಿಧಮನಿಗೆ ಸೇರಬೇಕು. ಅವರ ಮಿದುಳಿನ ಎಡಭಾಗದಲ್ಲಿ ಲೋಮನಾಳಗಳಿಲ್ಲದೆ ಎರಡೂ ನೇರವಾಗಿ ಗಂಟುಬಿದ್ದಿದ್ದವು. ಆ ಗಂಟು ಒಡೆದು ರಕ್ತ ಸೋರಿತ್ತು. ಫಿಲಡೆಲ್ಫಿಯದಲ್ಲಿ ಶಸ್ತ್ರಚಿಕಿತ್ಸೆ ನಡೆದು ಜೀವ ಉಳಿಯಿತು, ನೆನಪು ಉಳಿಯಲಿಲ್ಲ. ಕಣ್ತೆರೆದಾಗ ಹೆತ್ತವರ ಗುರುತೇ ಸಿಗಲಿಲ್ಲ. ಗಿಟಾರ್ ತಮ್ಮ ಕಸುಬೆಂಬುದೂ ತಿಳಿಯದು.

ತಂದೆ ಮನೆಯಲ್ಲಿ ಮಗನ ರೆಕಾರ್ಡುಗಳನ್ನು ಹಾಕುತ್ತಿದ್ದರು. ಮಹಡಿಯ ಕೋಣೆಯಲ್ಲಿ ಮಲಗಿದ್ದ ಮಗನಿಗೆ ಗೋಡೆ, ನೆಲಗಳನ್ನು ದಾಟಿ ಆ ನಾದ ಕೇಳಿಬರುತ್ತಿತ್ತು. ಅದು ಹಿತವಾಗಿತ್ತೆಂದು ಯಾರೂ ಭಾವಿಸಬೇಕಿಲ್ಲ. ತಾನು ಏನಾಗಿರಬೇಕಿತ್ತು ಎಂದು ಬೇರೆಯವರು ಬಯಸುತ್ತಾರೋ ಅದನ್ನು ದಿನವೂ ನೆನಪಿಸುವ ಕಾಟ ಅದಾಗಿತ್ತೆಂದು ಅವರೇ ಬರೆದುಕೊಂಡಿದ್ದಾರೆ. ಕಡೆಗೆ, ಖಿನ್ನತೆಯಿಂದ ಪಾರಾಗಲು ಗಿಟಾರನ್ನು ಕೈಗೆತ್ತಿಕೊಂಡರು. ರೆಕಾರ್ಡುಗಳನ್ನು ಕೇಳಿ ಕೇಳಿ ನುಡಿಸತೊಡಗಿದರು. ಏಕಲವ್ಯನ ಮುಂದೆ ದ್ರೋಣರ ಮಣ್ಣಿನ ಪ್ರತಿಮೆಯಾದರೂ ಇತ್ತು. ಇಲ್ಲಿ ಎದುರಿಗಿದ್ದುದು ತಾನೇ, ಆದರೆ ತನಗೇ ಗುರುತಿಲ್ಲದ ತಾನು.

ಈ ಕಥೆಯನ್ನು ಹೇಳುವವರು 'ಸೊನ್ನೆಯಿಂದ ಕಲಿತರು' ಎಂದು ಬಣ್ಣ ಕಟ್ಟುವುದುಂಟು. ಅಷ್ಟು ಸರಳವಲ್ಲ. ಊರು, ಹೆಸರು, ನಡೆದ ಘಟನೆಗಳ ನೆನಪು ಬೇರೆ. ಸೈಕಲ್ ತುಳಿಯುವಂಥ ಕೈಕಾಲಿನ ನೆನಪು ಬೇರೆ. ಎರಡನೆಯದಕ್ಕೆ ಮಿದುಳಿನಲ್ಲಿ ಬೇರೆಯೇ ನೆಲೆಗಳಿವೆ. ಮಾರ್ಟಿನೊ ಅವರ ಮಿದುಳಿನ ಚಿತ್ರಗಳನ್ನು ಪರೀಕ್ಷಿಸಿದ ತಜ್ಞರು 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎಡ ಕಪೋಲಭಾಗದ ಸುಮಾರು ಶೇಕಡ 70ರಷ್ಟು ಇಲ್ಲವಾಗಿತ್ತು. ಬೆರಳುಗಳಿಗೆ ಗೊತ್ತಿದ್ದುದು ಅದರಾಚೆ ಎಲ್ಲೋ ಉಳಿದಿದ್ದಿರಬೇಕು. ನುಡಿಸುತ್ತ ಹೋದಂತೆ ಹಳೆಯ ನೆನಪುಗಳು ಮಿಂಚಿ ಮರಳುತ್ತಿದ್ದುವೆಂದು ಅವರೂ ಹೇಳಿದ್ದಾರೆ. ಇದರಿಂದ ಅವರ ಸಾಧನೆ ಕಿರಿದಾಗುವುದಿಲ್ಲ. ಬೆರಳಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಕುಳಿತು ಅಭ್ಯಾಸ ಮಾಡುವುದೇನು ಸುಲಭವೆ?

1987ರಲ್ಲಿ ನ್ಯೂಯಾರ್ಕ್‌ನ ಕ್ಲಬ್ಬೊಂದರಲ್ಲಿ ಬಾಸ್ ಮತ್ತು ಡ್ರಮ್‌ಗಳೊಂದಿಗೆ ನುಡಿಸಿದ್ದು 'ದಿ ರಿಟರ್ನ್' ಎಂಬ ರೆಕಾರ್ಡ್ ಆಯಿತು. 2004ರಲ್ಲಿ 'ಡೌನ್‌ಬೀಟ್' ಪತ್ರಿಕೆ ಅವರನ್ನು ವರ್ಷದ ಗಿಟಾರ್ ವಾದಕರೆಂದು ಆರಿಸಿತು.

ಜೊತೆಜೊತೆಗೇ ಪಾಠವೂ ನಡೆದಿತ್ತು. ಅವರ ಬೋಧನೆಯ ತಿರುಳನ್ನು ನಮ್ಮ ಹನ್ನೆರಡು ಸ್ವರಸ್ಥಾನಗಳ ಲೆಕ್ಕದಲ್ಲಿ ಹೀಗೆ ಹೇಳಬಹುದು. ಷಡ್ಜ, ಅಂತರ ಗಾಂಧಾರ, ಶುದ್ಧ ದೈವತ: ಈ ಮೂರು ಸ್ವರಗಳು ಹನ್ನೆರಡನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಇವುಗಳಲ್ಲಿ ಯಾವುದೇ ಒಂದನ್ನು ಒಂದು ಸ್ಥಾನ ಇಳಿಸಿದರೂ ಒಂದು 'ಮೇಜರ್' ಸ್ವರಮೇಳ ಸಿಗುತ್ತದೆ. ಒಂದು ಸ್ಥಾನ ಏರಿಸಿದರೆ 'ಮೈನರ್'. ಷಡ್ಜ, ಸಾಧಾರಣ ಗಾಂಧಾರ, ಪ್ರತಿ ಮಧ್ಯಮ, ಚತುಶ್ರುತಿ ದೈವತಗಳೂ ಹಾಗೆಯೇ ಸಮನಾಗಿ ನಿಲ್ಲುತ್ತವೆ. ಅಲ್ಲಿ ಒಂದನ್ನು ಇಳಿಸಿದರೆ ಜಾಝ್‌ಗೆ ಹೆಜ್ಜೆಹೆಜ್ಜೆಗೂ ಬೇಕಾದ 'ಸೆವೆಂತ್' ಸ್ವರಮೇಳ. ನೂರಾರು ಸ್ವರಮೇಳಗಳನ್ನು ಉರುಹೊಡೆಯಬೇಕಿಲ್ಲ, ಈ ಎರಡು ತಾಯಿರೂಪಗಳಿಂದ ಒಂದೊಂದು ಬೆರಳು ಸರಿಸಿ ಹುಟ್ಟಿಸಿಕೊಂಡರಾಯಿತು.

2018ರ ನಂತರ ಶ್ವಾಸಕೋಶದ ಕಾಯಿಲೆಯಿಂದ ಅವರು ನುಡಿಸಲಾರದಾದರು. 2021ರ ನವೆಂಬರ್ 1ರಂದು, ಹುಟ್ಟಿ ಬೆಳೆದ ದಕ್ಷಿಣ ಫಿಲಡೆಲ್ಫಿಯದಲ್ಲೇ ತೀರಿಕೊಂಡರು. ಆಸಕ್ತರು 'ಎಲ್ ಓಂಬ್ರೆ'ಯನ್ನೂ 'ದಿ ರಿಟರ್ನ್'ಅನ್ನೂ ಒಂದೇ ಸಂಜೆ ಕೇಳಬೇಕು. ನನ್ನ ಕಿವಿಗೆ ಎರಡನೆಯದರ ನಾದ ಹೆಚ್ಚು ಗಡುಸು, ಆತುರವೂ ಹೆಚ್ಚು. ನಿಲ್ಲದ ಆ ಉದ್ದುದ್ದ ಸಾಲುಗಳು ಮಾತ್ರ ಎರಡರಲ್ಲೂ ಇವೆ.