ಕ್ರೋಶಾ ಕಡ್ಡಿ, ಕೌದಿ ಮತ್ತು ಬಿಡುವಿನ ವೇಳೆ

ಟಿ.ವಿ. ಎಂಬುದು ನಿಜಕ್ಕೂ ಒಂದು ಪೆಟ್ಟಿಗೆಯಾಗಿದ್ದ ಕಾಲವನ್ನು ನಮ್ಮ ವೀಕ್ಷಕರಲ್ಲಿ ಬಹಳ ಮಂದಿ ಕಂಡವರೇ. ಆ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಬಿಳಿಯ ಜಾಲರಿ ಬಟ್ಟೆ, ಬಟ್ಟೆಯ ಮೇಲೊಂದು ಹೂದಾನಿ ಅಥವಾ ಮಣಿಗಳಲ್ಲಿ ಪೋಣಿಸಿದ ಗೊಂಬೆ. ಬಟ್ಟೆಯ ಅಂಚು ಪರದೆಯ ಮೇಲೆ ಇಳಿಬಿದ್ದು ವಾರ್ತೆ ಓದುವವರ ಹಣೆ ಮುಚ್ಚುತ್ತಿದ್ದುದೂ ಉಂಟು. ಅದನ್ನು ಹೆಣೆದವರು ಆ ಮನೆಯ ಸೊಸೆಯೋ ಮಗಳೋ ಆಗಿರುತ್ತಿದ್ದರು. ಬಂದವರು ಮೆಚ್ಚಿ ವಿಚಾರಿಸಿದರೆ ಎಲ್ಲ ಮನೆಗಳಲ್ಲೂ ಬರುತ್ತಿದ್ದ ಉತ್ತರ ಒಂದೇ: “ಬಿಡುವಿನಲ್ಲಿ ಮಾಡಿದ್ದು.”

ಈ ‘ಬಿಡುವು’ ಎಂಬ ಮಾತಿನ ಮೇಲೆ ನನಗೆ ಬಹಳ ದಿನದಿಂದ ಒಂದು ತಕರಾರು ಇದೆ. ಧಾರವಾಡದ ಕಡೆಯ ನಮ್ಮ ಮನೆಯಲ್ಲಿ ದೊಡ್ಡವ್ವ ಕೋಳಿ ಕೂಗುವ ಮೊದಲೇ ಏಳುತ್ತಿದ್ದಳು. ರೊಟ್ಟಿ ಬಡಿದು, ದನಕರುಗಳನ್ನು ನೋಡಿ, ಹೊಲಕ್ಕೆ ಬುತ್ತಿ ಕಳಿಸಿ, ಮಧ್ಯಾಹ್ನ ಪಡಸಾಲೆಯ ಕಂಬಕ್ಕೆ ಒರಗಿದಳೆಂದರೆ ಕೈಯಲ್ಲಿ ದಾರದ ಉಂಡೆ ಮತ್ತು ಕ್ರೋಶಾ ಕಡ್ಡಿ. ಲಂಗದ ಲೇಸು, ಕುಪ್ಪಸದ ತೋಳಿನ ಅಂಚು, ಓಣಿಯ ಯಾರದೋ ಮಗಳ ಮದುವೆಗೆ ಟೇಬಲ್ ಕ್ಲಾತು. ಮೊಳಕ್ಕೆ ಇಷ್ಟು ಎಂದು ಅವಳ ಕೈಗೆ ಬರುತ್ತಿದ್ದ ಚಿಲ್ಲರೆಯಲ್ಲೇ ನನ್ನ ನೋಟುಬುಕ್ಕುಗಳು ಬಂದದ್ದು. ಒಮ್ಮೆ, “ದೊಡ್ಡವ್ವಾ, ಎಷ್ಟ್ ಕೆಲಸಾ ಮಾಡ್ತೀ ನೀ” ಎಂದರೆ ನಕ್ಕಳು. “ಇದೇನ್ ಕೆಲಸಾ? ಸುಮ್ನ ಕುಂತಾಗ ಕೈ ಆಡಸ್ತೀನಿ, ಅಷ್ಟ.”

ಅವಳಂತೆ ‘ಸುಮ್ಮನೆ ಕುಳಿತ’ ಹೆಂಗಸರ ಚರಿತ್ರೆ ಸಾಕಷ್ಟು ದೊಡ್ಡದು. ಅದರಲ್ಲಿ ಒಂದೆರಡು ಎಳೆಗಳನ್ನಷ್ಟೇ ಇಲ್ಲಿ ಬಿಡಿಸಲು ಸಾಧ್ಯ.

ಫ್ರೆಂಚ್ ಭಾಷೆಯಲ್ಲಿ ಕ್ರೋಶೆ ಎಂದರೆ ಪುಟ್ಟ ಕೊಕ್ಕೆ. ನಾವು ‘ಆ’ಕಾರ ಸೇರಿಸಿ ಕ್ರೋಶಾ ಎಂದೆವು. ಎರಡು ಕಡ್ಡಿಗಳಲ್ಲಿ ಉಣ್ಣೆ ಹೆಣೆಯುವ ವಿದ್ಯೆ ಹಳೆಯದು. ಒಂದೇ ಕೊಕ್ಕೆಯಲ್ಲಿ ಸರಪಳಿ ಎಳೆದು, ಕಂಬ ನಿಲ್ಲಿಸಿ ಬಟ್ಟೆಯನ್ನೇ ಕಟ್ಟುವ ಈ ವಿದ್ಯೆ ಅಷ್ಟು ಹಳೆಯದಲ್ಲ. ಇದರ ಅಚ್ಚಾದ ಮಾದರಿಗಳು ಸಿಗುವುದು 1820ರ ದಶಕದಿಂದ ಈಚೆಗೆ, ಡಚ್ ಭಾಷೆಯ ಮಹಿಳಾ ಪತ್ರಿಕೆಯೊಂದರಲ್ಲಿ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಯಿಂದ ಸರಪಳಿ ಹೊಲಿಗೆ ಹಾಕುವ ಕಸೂತಿ 18ನೆಯ ಶತಮಾನದಲ್ಲಿ ಯುರೋಪಿನಲ್ಲಿ ಹರಡಿತ್ತು. ಅದು ಪೂರ್ವ ದೇಶಗಳಿಂದ ಅಲ್ಲಿಗೆ ಹೋದದ್ದೆಂದೂ, ಮುಂದೆ ಬಟ್ಟೆಯನ್ನು ಬಿಟ್ಟು ಗಾಳಿಯಲ್ಲೇ ಸರಪಳಿ ಎಳೆದಾಗ ಕ್ರೋಶಾ ಹುಟ್ಟಿತೆಂದೂ ಹೇಳುವ ವಿದ್ವಾಂಸರಿದ್ದಾರೆ. ನಮ್ಮ ಗುಜರಾತದ ಕಛ್‌ನ ಆರಿ ಕೆಲಸ ಅದೇ ಜಾತಿಯದು. ಇಂದು ಬೆಂಗಳೂರಿನ ದರ್ಜಿ ಅಂಗಡಿಗಳಲ್ಲಿ ಮದುವೆಯ ರವಿಕೆಗೆ ‘ಆರಿ ವರ್ಕ್’ ಮಾಡಿಸುವವರು ಹಿಡಿಸುವುದೂ ಆ ಕೊಕ್ಕೆಯನ್ನೇ.

ಈ ಕೊಕ್ಕೆ ಶ್ರೀಮಂತರ ಕೈಬಿಟ್ಟು ಬಡವರ ಕೈಗೆ ಬಂದದ್ದು ಹೇಗೆಂಬುದಕ್ಕೆ ಐರ್ಲೆಂಡಿಗೆ ಹೋಗಬೇಕು. 1845ರಲ್ಲಿ ಅಲ್ಲಿಯ ಆಲೂಗಡ್ಡೆ ಬೆಳೆಗೆ ಕೊಳೆರೋಗ ತಗುಲಿತು. ಆಲೂಗಡ್ಡೆ ಅಲ್ಲಿಯ ಬಡವರಿಗೆ ಪಲ್ಯವಲ್ಲ, ಅನ್ನ. ಮುಂದಿನ ಕೆಲವು ವರ್ಷಗಳಲ್ಲಿ ಹಸಿವು ಮತ್ತು ಜ್ವರದಿಂದ ಸತ್ತವರು ಸುಮಾರು 10 ಲಕ್ಷ. ಹಡಗು ಹತ್ತಿ ದೇಶ ಬಿಟ್ಟವರು ಮತ್ತೆ ಅಷ್ಟೇ ಮಂದಿ, ಇನ್ನೂ ಹೆಚ್ಚು. 1841ರ ಜನಗಣತಿಯಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ರಲ್ಲಿ 65 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಗಂಡಸರಿಗೆ ಹೊಲದಲ್ಲಿ ಕೆಲಸವಿಲ್ಲದ ಆ ದಿನಗಳಲ್ಲಿ ಕಾರ್ಕ್ ಪಟ್ಟಣದ ಬಳಿಯ ಅರ್ಸುಲೈನ್ ಸಂನ್ಯಾಸಿನಿಯರು ಬಡ ಹುಡುಗಿಯರಿಗೆ ಕ್ರೋಶಾ ಕಲಿಸಿದರು. ಉತ್ತರದ ಕ್ಲೋನ್ಸ್ ಎಂಬ ಊರಿನಲ್ಲಿ ಪ್ರಾಟೆಸ್ಟಂಟ್ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಅದೇ ಕೆಲಸಕ್ಕೆ ಕೈಹಾಕಿದರು. ಮತದಲ್ಲಿ ಬದ್ಧ ವಿರೋಧಿಗಳಾದ ಎರಡು ಪಂಗಡಗಳೂ ದಾರದ ವಿಷಯದಲ್ಲಿ ಒಂದೇ ದಾರಿ ಹಿಡಿದದ್ದು ಗಮನಿಸತಕ್ಕದ್ದು. ದುಬಾರಿಯಾದ ವೆನಿಸ್ ನಗರದ ಸೂಜಿ ಲೇಸನ್ನು ಕೊಕ್ಕೆಯಿಂದ ಅನುಕರಿಸಿದರೆ ಹಲವು ಪಟ್ಟು ಬೇಗ ಮುಗಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಬಂಡವಾಳವೆಂದರೆ ಒಂದು ಉಂಡೆ ದಾರ. ಕಡ್ಡಿಗೂ ಕಾಸಿಲ್ಲದವರು ಗಟ್ಟಿ ತಂತಿಯ ತುದಿಯನ್ನೋ ಹೊಲಿಗೆ ಸೂಜಿಯನ್ನೋ ಕೊಕ್ಕೆ ಮಾಡಿ ಮರದ ತುಂಡಿಗೆ ಸಿಕ್ಕಿಸಿಕೊಂಡರು. (ನಮ್ಮ ಶಾಲೆಯ ಹುಡುಗಿಯರು ಮುರಿದ ಕೊಡೆಯ ಕಡ್ಡಿಯನ್ನು ಕಲ್ಲಿಗೆ ಉಜ್ಜಿ ಇದನ್ನೇ ಮಾಡುತ್ತಿದ್ದುದು ನನಗೆ ನೆನಪಿದೆ.)

ಗುಲಾಬಿ ಹೂ, ಮೂರೆಲೆಯ ಶಾಮ್‌ರಾಕ್, ದ್ರಾಕ್ಷಿ ಗೊಂಚಲುಗಳನ್ನು ಬಿಡಿಬಿಡಿಯಾಗಿ ಹೆಣೆದು ಆಮೇಲೆ ಜಾಲರಿಯಿಂದ ಕೂಡಿಸುವುದು ಐರಿಷ್ ಕ್ರೋಶಾದ ರೀತಿ. ಒಂದು ಮನೆಯವರು ಒಂದೇ ಬಗೆಯ ಹೂವಿನಲ್ಲಿ ಪಳಗಿರುತ್ತಿದ್ದರು. ಹೀಗಾಗಿ ಒಂದೊಂದು ಹುಲ್ಲಿನ ಗುಡಿಸಿಲೂ ಬಾಗಿಲಿಲ್ಲದ ಕಾರ್ಖಾನೆಯ ಒಂದೊಂದು ಕೋಣೆಯಂತಾಯಿತು. ಕೂಡಿಸಿ ಸಿದ್ಧವಾದ ಕಾಲರು, ತೋಳಂಚು, ಉಡುಪುಗಳು ಲಂಡನ್ನಿನ, ಪ್ಯಾರಿಸ್ಸಿನ ಶ್ರೀಮಂತ ಮಹಿಳೆಯರ ಮೈಮೇಲೆ ಹೋದವು. ಹೆಣೆದವರು ಅದರಿಂದ ಬಾಡಿಗೆ ಕಟ್ಟಿದರು, ಹಿಟ್ಟು ಕೊಂಡರು, ಎಷ್ಟೋ ಮಂದಿ ಹಡಗಿನ ಟಿಕೆಟ್ಟಿನ ಹಣ ಕೂಡಿಸಿದರು. ಕಾರ್ಕ್‌ನಲ್ಲಿ ಇಂಥ ಶಾಲೆ ನಡೆಸಿದ್ದ ಸುಸಾನಾ ಮೆರೆಡಿತ್ ಎಂಬಾಕೆ 1865ರಲ್ಲಿ ಈ ಲೇಸುಗಾರ್ತಿಯರ ಕುರಿತೇ ಒಂದು ಪುಸ್ತಕ ಪ್ರಕಟಿಸಿದರು. ಸಂಸಾರದ ಅನ್ನ ಹುಡುಗಿಯರ ಬೆರಳ ತುದಿಯಿಂದ ಬಂದ ಕಾಲ ಅದು. ಇಷ್ಟಾದರೂ ಫ್ಯಾಷನ್ ಬದಲಾದರೆ ಬೇಡಿಕೆ ಬೀಳುವುದು, ಬೇಡಿಕೆ ಬಿದ್ದರೆ ದರ ಬೀಳುವುದು. ಅದನ್ನು ತಡೆಯುವ ಶಕ್ತಿ ಹೆಣೆಯುವವರ ಕೈಯಲ್ಲಿ ಎಂದೂ ಇರಲಿಲ್ಲ.

ಹೀಗೆ ಬರಗಾಲದಲ್ಲಿ ಬೆಲೆ ಕಂಡ ಲೇಸು ಕೆಲಸವನ್ನು ಕ್ರೈಸ್ತ ಮಿಷನರಿ ಮಹಿಳೆಯರು 19ನೆಯ ಶತಮಾನದಲ್ಲಿ ದಕ್ಷಿಣ ಭಾರತಕ್ಕೂ ತಂದರು. ನಮ್ಮಲ್ಲಿ ಮಿಷನ್ ಶಾಲೆಗಳ, ಕಾನ್ವೆಂಟುಗಳ ಹೆಣ್ಣುಮಕ್ಕಳಿಗೆ ಸೂಜಿ ಕೆಲಸ ಪಾಠದ ಒಂದು ಭಾಗವಾಗಿತ್ತು. ಅಲ್ಲಿ ಕಲಿತವರು ಓಣಿಯ ಉಳಿದವರಿಗೆ ಕಲಿಸಿದರು. ಆದರೆ ಆಂಧ್ರಪ್ರದೇಶದ ಗೋದಾವರಿ ಮುಖಜ ಭೂಮಿಯ ನರಸಾಪುರದಲ್ಲಿ ಅದು ಹವ್ಯಾಸವಾಗಿ ಉಳಿಯದೆ ಉದ್ಯಮವೇ ಆಯಿತು. ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಮಹಿಳೆಯರು ಕ್ರೋಶಾ ಹಿಡಿದರು. ವ್ಯಾಪಾರಿ ದಾರ ಕೊಡುತ್ತಾನೆ, ಮಧ್ಯವರ್ತಿ ಮನೆಮನೆಗೆ ಹಂಚುತ್ತಾನೆ, ಒಬ್ಬಳು ಹೂ ಹೆಣೆಯುತ್ತಾಳೆ, ಇನ್ನೊಬ್ಬಳು ಕೂಡಿಸುತ್ತಾಳೆ. ಕ್ಲೋನ್ಸ್ ಊರಿನ ಏರ್ಪಾಡನ್ನು ನೆನಪಿಗೆ ತರುವ ಕ್ರಮವೇ.

1970ರ ದಶಕದ ಕೊನೆಯಲ್ಲಿ ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಇಲ್ಲಿಗೆ ಬಂದು ಅಧ್ಯಯನ ನಡೆಸಿದರು; 1982ರಲ್ಲಿ ಅದು ಪುಸ್ತಕವಾಗಿ ಬಂತು. ಅವರಿಗೆ ಕಂಡದ್ದನ್ನು ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಹೀಗೆ: ಈ ಹೆಂಗಸರು ಮನೆಗೆಲಸವೆಲ್ಲ ಮುಗಿಸಿ ದಿನಕ್ಕೆ 6ರಿಂದ 8 ಗಂಟೆ ಲೇಸು ಹೆಣೆಯುತ್ತಿದ್ದರು. ಕೈಗೆ ಬರುತ್ತಿದ್ದುದು ದಿನಕ್ಕೆ ಒಂದು ರೂಪಾಯಿಗೂ ಕಡಿಮೆ. ಗದ್ದೆಯಲ್ಲಿ ನಾಟಿ ಮಾಡುವ ಕೂಲಿ ಹೆಣ್ಣುಮಗಳು ಅವರಿಗಿಂತ ಹೆಚ್ಚು ಗಳಿಸುತ್ತಿದ್ದಳು. ಆದರೂ ಲೇಸಿನವರು ಗದ್ದೆಗೆ ಇಳಿಯುತ್ತಿರಲಿಲ್ಲ, ಏಕೆಂದರೆ ಹೊಸಿಲು ದಾಟದೆ ಕುಳಿತು ಮಾಡುವುದು ಮರ್ಯಾದಸ್ಥರ ಲಕ್ಷಣ. ಅವರು ಗೃಹಿಣಿಯರು, ಕೆಲಸಗಾರರಲ್ಲ. ಬಿಡುವಿನಲ್ಲಿ ಕೈ ಆಡಿಸುವವರು. ಕೆಲಸವೇ ಅಲ್ಲವೆಂದ ಮೇಲೆ ಕನಿಷ್ಠ ಕೂಲಿಯ ಮಾತೆಲ್ಲಿ ಬಂತು? ಲೇಸು ಸಮುದ್ರ ದಾಟಿ ಹೋಗುತ್ತಿತ್ತು, ವಿದೇಶಿ ವಿನಿಮಯ ತರುತ್ತಿತ್ತು, ರಫ್ತುದಾರರ ಮನೆಗಳು ಮಹಡಿ ಏರಿದವು. ಮರಿಯಾ ಮೀಸ್ 2023ರಲ್ಲಿ ತೀರಿಕೊಂಡರು. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಮೀಸ್ ಅವರ ವಾದದ ಸಾರ ತಿಳಿದಾಗ ನನಗೆ ಕೇಳಿಸಿದ್ದು ಪಡಸಾಲೆಯ ದೊಡ್ಡವ್ವನ ದನಿ.

ಕ್ರೋಶಾ ಹೊರಗಿನಿಂದ ಬಂದದ್ದಾಯಿತು. ನಮ್ಮದೇ ಆದ ಉಳಿತಾಯದ ವಿದ್ಯೆಯೆಂದರೆ ಕೌದಿ. ಅದರ ಮೊದಲು ಹತ್ತಿಯ ಸೀರೆಯ ಆಯುಷ್ಯವನ್ನು ಸ್ವಲ್ಪ ನೋಡಬೇಕು. ಉಟ್ಟು ಹಳತಾದ ಇಳಕಲ್ ಸೀರೆ ಹುಡುಗಿಯ ಲಂಗವಾಗುತ್ತಿತ್ತು, ಹಸುಗೂಸಿನ ತೊಟ್ಟಿಲ ಬಟ್ಟೆಯಾಗುತ್ತಿತ್ತು, ಅಂಚಿನ ಕಣದಲ್ಲಿ ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದರು. ಉಳಿದದ್ದು ಕೌದಿಗೆ. ಕೌದಿಗೂ ಬಾರದ ಚಿಂದಿ ತಲೆಯ ಮೇಲಿನ ಕೊಡಕ್ಕೆ ಸಿಂಬೆ, ಒಲೆಯ ಮುಂದೆ ಮಸಿಯರಿವೆ. ಎಲ್ಲಕ್ಕಿಂತ ಕೊನೆಗೆ ದೀಪದ ಬತ್ತಿ. ಇದನ್ನು ಈಗ ‘ಮರುಬಳಕೆ’ ಎಂದು ಶಿಬಿರ ಮಾಡಿ ಕಲಿಸುತ್ತಾರೆ. ಆಗ ಅದಕ್ಕೆ ಹೆಸರೇ ಇರಲಿಲ್ಲ.

ಕೌದಿಗೆ ಕೆಳಗೊಂದು ಇಡೀ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ನಡುವೆ ಹಳೆಯ ಧೋತರ, ಹರಕು ತುಂಡುಗಳನ್ನು ಪದರಪದರವಾಗಿ ಜೋಡಿಸುತ್ತಾರೆ. ಮೇಲ್ಮೈಗೆ ಬಣ್ಣದ ತೇಪೆ. ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಬರುವ ಕಡ್ಡಿ ಹೊಲಿಗೆ. ಸುಗ್ಗಿ ಮುಗಿದ ಮೇಲೆ ಓಣಿಯ ನಾಲ್ಕಾರು ಹೆಂಗಸರು ಸುತ್ತ ಕುಳಿತರೆ ಬಾಯಿಯ ಕೆಲಸವೂ ಕೈಯ ಕೆಲಸವೂ ಒಟ್ಟಿಗೆ ನಡೆಯುತ್ತಿತ್ತು. ಗೊಂದಲಿಗರಂಥ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರಿಗೆ ಬಂದು ಕೌದಿ ಹೊಲಿದುಕೊಟ್ಟು ಜೋಳ ಒಯ್ಯುವುದೂ ಇತ್ತು. ಇಲ್ಲೊಂದು ಸೂಕ್ಷ್ಮ ಉಂಟು. ಮನೆಯಾಕೆ ಹೊಲಿದರೆ ಅದು ಬಿಡುವು. ಅದೇ ಹೊಲಿಗೆಯನ್ನು ಗೊಂದಲಿಗರ ಹೆಣ್ಣುಮಗಳು ಹೊಲಿದರೆ ಒಂದೆರಡು ಸೇರು ಜೋಳದ ಕೆಲಸ!

ಕೌದಿಯನ್ನು ಹಿಂದಕ್ಕೆ ಸರಿಸಿದ್ದು ಬರೀ ಅಂಗಡಿಯ ಕಂಬಳಿ, ರಗ್ಗುಗಳಲ್ಲ. ನೈಲಾನು, ಪಾಲಿಯೆಸ್ಟರು ಸೀರೆಗಳು ಮನೆಮನೆಗೆ ಬಂದವು. ಅವು ಬೆವರು ಹೀರವು, ಪದರವಾಗಿ ಕೂರದೆ ಜಾರುತ್ತವೆ, ಸವೆದು ಮೆತ್ತಗಾಗುವ ಗುಣವೂ ಅವಕ್ಕಿಲ್ಲ. ಅದೇ ಹೊತ್ತಿಗೆ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಾಗಿಲಿಗೆ ಬರತೊಡಗಿದರು. ನಾಲ್ಕು ಸೀರೆ ಕೊಟ್ಟರೆ ಒಂದು ಡಬರಿ ಸಿಗುವಾಗ ಕೌದಿಗೆ ಯಾರು ಕೂಡಿಡುತ್ತಾರೆ?

ಆದರೂ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿಯರು ಇದನ್ನು ಕೈಬಿಡಲಿಲ್ಲ. ಪೋರ್ಚುಗೀಸರು ಮತ್ತಿತರರು ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಸಂತತಿ ಇವರು. ಗೋವೆಯಿಂದ ತಪ್ಪಿಸಿಕೊಂಡ ಎಷ್ಟೋ ಮಂದಿ ಘಟ್ಟದ ಕಾಡು ಸೇರಿದರು. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಇವರ ಕೌದಿಗೆ ಕವಂದ ಎನ್ನುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಪದರವಾಗಿ ಹೊಲಿದ ‘ಫುಲಾ’, ಅಂದರೆ ಹೂವು, ಇರಲೇಬೇಕು; ಅದಿಲ್ಲದ ಕವಂದ ಬತ್ತಲೆ ಎಂಬುದು ಅವರ ಭಾವನೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದ ಸಿದ್ದಿ ಮಹಿಳೆಯರು ಕವಂದ ಹೊಲಿಯುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2000ದ ದಶಕದಲ್ಲಿ ಇವರ ನಡುವೆ ಅಧ್ಯಯನ ನಡೆಸಿ ಒಂದು ಸಹಕಾರಿ ಗುಂಪು ಕಟ್ಟಲು ನೆರವಾದರು. ಕವಂದಗಳು ಸಮುದ್ರದಾಚೆಯ ವಸ್ತುಸಂಗ್ರಹಾಲಯಗಳ ಗೋಡೆ ಏರಿದವು. ಮಳೆಗಾಲದ ಚಳಿಗೆಂದು ಮಕ್ಕಳಿಗೆ ಹೊದಿಸಿದ್ದು ಗೋಡೆಗೆ ತೂಗಿದ ಮೇಲೆ ‘ಕಲೆ’ಯಾಯಿತು. ನನಗೇನೂ ಬೇಸರವಿಲ್ಲ, ಗೋಡೆಗೆ ತೂಗಿದ್ದಕ್ಕಾದರೂ ಬೆಲೆ ಕೇಳುತ್ತಾರಲ್ಲ.

ಈಗ ಕ್ರೋಶಾಕ್ಕೆ ಮತ್ತೆ ಫ್ಯಾಷನ್ ಬಂದಿದೆ. ದೊಡ್ಡ ಅಂಗಡಿಗಳಲ್ಲಿ ಕ್ರೋಶಾ ಚೀಲ, ಮೇಲಂಗಿ ಧಾರಾಳವಾಗಿ ಸಿಗುತ್ತವೆ. ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಸ್ವೆಟರು ಹೆಣೆಯಲು ಯಂತ್ರ ಉಂಟು. ಕ್ರೋಶಾದಂತೆ ಕಾಣುವ ಜಾಲರಿಯನ್ನೂ ಯಂತ್ರ ನೇಯುತ್ತದೆ, ಆದರೆ ಅದು ಬೇರೆ ಬಗೆಯ ಹೆಣಿಗೆ. ನಿಜವಾದ ಕ್ರೋಶಾವನ್ನು ಕಾರ್ಖಾನೆಗಳಲ್ಲಿ ಯಂತ್ರಗಳು ಹೆಣೆಯುವುದಿಲ್ಲ. ಅಂದರೆ ಆ ಚೀಲ ಎಷ್ಟೇ ಅಗ್ಗವಾಗಿರಲಿ, ಎಲ್ಲೋ ಒಬ್ಬರು ಕುಳಿತು ಒಂದೊಂದೇ ಕಂಬ ನಿಲ್ಲಿಸಿದ್ದಾರೆ.

ದೊಡ್ಡವ್ವ ಹೆಣೆದ ಟಿ.ವಿ. ಬಟ್ಟೆ ನನ್ನ ಬಳಿ ಇದೆ. ಈಗಿನ ಟಿ.ವಿ.ಗೆ ನೆತ್ತಿಯೇ ಇಲ್ಲದ್ದರಿಂದ ಕಪಾಟಿನಲ್ಲಿ ಮಡಿಸಿ ಇಟ್ಟಿದ್ದೇನೆ. ಈ ಲೇಖನಕ್ಕೆಂದು ಮೊನ್ನೆ ತೆಗೆದು ಎಣಿಸಿದೆ: ಉದ್ದಕ್ಕೆ 12, ಅಡ್ಡಕ್ಕೆ 8, ಒಟ್ಟು 96 ಹೂಗಳು. ಅಂಥದೇ ಒಂದು ಹೂ ಹೆಣೆದು ನೋಡಿದೆ. ಗಡಿಯಾರದಲ್ಲಿ 40 ನಿಮಿಷ ಹಿಡಿಯಿತು. ದೊಡ್ಡವ್ವನ ಕೈ ನನ್ನದಕ್ಕಿಂತ ಇಮ್ಮಡಿ ಚುರುಕು ಎಂದು ಹಿಡಿದರೂ 96 ಹೂಗಳಿಗೆ 32 ಗಂಟೆ. ಹೂಗಳನ್ನು ಕೂಡಿಸಿದ ಹೊತ್ತನ್ನೂ ಸುತ್ತಲಿನ ಅಂಚು ಕಟ್ಟಿದ ಹೊತ್ತನ್ನೂ ಇದರಲ್ಲಿ ಸೇರಿಸಿಲ್ಲ.